ಎಳೆಯ ಕೋಳಿಯ ಕರುಳಲ್ಲಿ ಏನಿದೆ



ಒಂದೇ ಹೇಂಟೆ, ಒಂದೇ ಕಾವು, ಒಂದೇ ದಿನ ಹೊರಬಂದ ಮರಿಗಳು. ಮೊದಲ ಎರಡು ಮೂರು ವಾರ ಎಲ್ಲವೂ ಒಂದೇ ಅಳತೆಯಲ್ಲಿ ಬೆಳೆಯುತ್ತವೆ. ಹದ್ದು, ಕಾಗೆ, ಬೆಕ್ಕುಗಳಿಂದ ಉಳಿಸಿಕೊಂಡಿದ್ದಾಯಿತು ಎಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ, ಅಂದರೆ ಸುಮಾರು ಒಂದೂವರೆ ತಿಂಗಳಿಗೆ, ಹಿಂಡು ಎರಡು ಪಾಲಾಗಿರುತ್ತದೆ. ಅರ್ಧ ಮರಿಗಳು ತಾಯಿಯ ಹಿಂದೆ ಓಡುತ್ತವೆ. ಉಳಿದರ್ಧ ರೆಕ್ಕೆ ಇಳಿಬಿಟ್ಟು, ಪುಕ್ಕ ಕೆದರಿಕೊಂಡು, ಬೇಲಿಯ ಬುಡದಲ್ಲಿ ತೂಕಡಿಸುತ್ತವೆ. ಕಾಳು ಹಾಕಿದರೆ ಓಡಿಬಂದು ತಿನ್ನುತ್ತವೆ, ಆದರೆ ಮೈಗೆ ಹತ್ತುವುದಿಲ್ಲ. ಕೈಗೆತ್ತಿಕೊಂಡು ಎದೆ ಸವರಿದರೆ ನಡುವಿನ ಮೂಳೆ ಚೂಪಾಗಿ ಬೆರಳಿಗೆ ಸಿಗುತ್ತದೆ.

ಪಶು ಆಸ್ಪತ್ರೆಗೆ ಬರುವ ತಾಯಂದಿರು ಇದನ್ನು ಹೇಳುವುದು ಹೀಗೆ: “ಡಾಕ್ಟ್ರೇ, ಮರಿಗಳು ಸಾಯ್ತಾನೂ ಇಲ್ಲ, ಏಳ್ಗೆ ಆಗ್ತಾನೂ ಇಲ್ಲ. ಯಾರ ಕಣ್ಣು ಬಿತ್ತೋ ಕಾಣೆ.” ನಾನು ಕೇಳುವ ಮೊದಲ ಪ್ರಶ್ನೆ ಒಂದೇ: “ಅಮ್ಮ, ಮರಿಗಳಿಗೆ ಎಷ್ಟು ವಾರ ಆಯ್ತು?” ಉತ್ತರ ಐದಕ್ಕೂ ಹನ್ನೆರಡಕ್ಕೂ ನಡುವೆ ಇದ್ದರೆ ನನ್ನ ಅನುಮಾನ ಮೊದಲು ಕರುಳಿನ ಕಡೆಗೆ, ಜಂತುಹುಳುವಿನ ಕಡೆಗೆ ಹೋಗುತ್ತದೆ.

ಯಾಕೆ ಈ ವಯಸ್ಸು? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಳುವಿನ ಬದುಕಿನ ಲೆಕ್ಕ ತಿಳಿದರೆ ಮದ್ದಿನ ಲೆಕ್ಕ ತಾನಾಗಿ ತಿಳಿಯುತ್ತದೆ.

ನಮ್ಮ ಹಿತ್ತಿಲ ಕೋಳಿಗಳಲ್ಲಿ ಹೆಚ್ಚಾಗಿ ಕಾಣುವುದು ದುಂಡುಹುಳು. ಶಾಸ್ತ್ರದಲ್ಲಿ ಇದಕ್ಕೆ ಅಸ್ಕಾರಿಡಿಯಾ ಗ್ಯಾಲಿ ಎಂದು ಹೆಸರು. ಹಳದಿ ಬೆರೆತ ಬಿಳಿ ಬಣ್ಣ, ದಪ್ಪ ಶಾವಿಗೆಯ ಗಾತ್ರ. ಹೆಣ್ಣು ಹುಳು 7ರಿಂದ 12 ಸೆಂಟಿಮೀಟರ್ ಉದ್ದ ಬೆಳೆಯುತ್ತದೆ, ಗಂಡು ಅದಕ್ಕಿಂತ ಚಿಕ್ಕದು. ಇದು ವಾಸಿಸುವುದು ಸಣ್ಣ ಕರುಳಿನಲ್ಲಿ. ಅಲ್ಲಿ ಇಡುವ ಮೊಟ್ಟೆಗಳು ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣವು. ಬಿದ್ದ ಕೂಡಲೇ ಅವು ಅಪಾಯಕಾರಿಯಲ್ಲ. ಬೆಚ್ಚಗಿನ ತೇವದ ನೆಲದಲ್ಲಿ 10ರಿಂದ 15 ದಿನ ಕಳೆದ ಮೇಲೆ ಮೊಟ್ಟೆಯ ಒಳಗೆ ಮರಿಹುಳು ಬಲಿಯುತ್ತದೆ. ಆಮೇಲೆ ಕೋಳಿಮರಿ ಕೆದಕುವ ಮಣ್ಣಿನ ಜೊತೆ, ಕುಡಿಯುವ ಕೊಳಕು ನೀರಿನ ಜೊತೆ ಹೊಟ್ಟೆ ಸೇರುತ್ತದೆ. ಕೆಲವೊಮ್ಮೆ ಎರೆಹುಳು ಆ ಮೊಟ್ಟೆಯನ್ನು ನುಂಗಿರುತ್ತದೆ, ಎರೆಹುಳುವನ್ನು ಕೋಳಿ ನುಂಗುತ್ತದೆ.

ಹೊಟ್ಟೆ ಸೇರಿದ ಮೇಲೆ ನಡೆಯುವುದೇ ಮುಖ್ಯ. ಮೊಟ್ಟೆ ಒಡೆದು ಹೊರಬಂದ ಮರಿಹುಳು ಮೊದಲ ಒಂದು ವಾರ ಕರುಳಿನ ಟೊಳ್ಳಿನಲ್ಲೇ ಇರುತ್ತದೆ. ಸುಮಾರು 8ನೆಯ ದಿನದಿಂದ 17ನೆಯ ದಿನದವರೆಗೆ ಕರುಳಿನ ಒಳಪದರವನ್ನು ಕೊರೆದು ಅದರೊಳಗೆ ಹುದುಗಿ ಕೂರುತ್ತದೆ. ಆಮೇಲೆ ಮತ್ತೆ ಟೊಳ್ಳಿಗೆ ಬಂದು ದೊಡ್ಡದಾಗುತ್ತದೆ. ಹೀಗೆ ಬೆಳೆದು ತಾನೇ ಮೊಟ್ಟೆ ಇಡಲು, ಎಳೆಯ ಕೋಳಿಗಳಲ್ಲಿ, ಐದಾರು ವಾರ ಹಿಡಿಯುತ್ತದೆ. ಅತಿ ಹೆಚ್ಚು ಹಾನಿ ಆಗುವುದು ಹುಳು ಕರುಳಿನ ಪದರದೊಳಗೆ ಇರುವ ಆ ದಿನಗಳಲ್ಲಿ. ಪದರ ಹರಿದು ರಕ್ತ ಒಸರುತ್ತದೆ, ತಿಂದದ್ದು ಮೈಗೆ ಹೀರಿಕೊಳ್ಳದೆ ಹಾಗೇ ಜಾರಿಹೋಗುತ್ತದೆ. ಮರಿ ತಿನ್ನುತ್ತಲೇ ಬಡಕಲಾಗುವುದು ಇದಕ್ಕೇ. ಆ ಹೊತ್ತಿನಲ್ಲಿ ಹಿಕ್ಕೆಯಲ್ಲಿ ಹುಳುವೂ ಕಾಣುವುದಿಲ್ಲ, ಹುಳುವಿನ ಮೊಟ್ಟೆಯೂ ಸಿಗುವುದಿಲ್ಲ. ನಾಲ್ಕು ವಾರದ ಮರಿಯ ಹಿಕ್ಕೆಯನ್ನು ಆಸ್ಪತ್ರೆಗೆ ತಂದು ಸೂಕ್ಷ್ಮದರ್ಶಕದಲ್ಲಿ ನೋಡಿಸಿ, “ಏನೂ ಇಲ್ಲವಂತೆ” ಎಂದು ಸಮಾಧಾನ ಪಟ್ಟುಕೊಂಡು ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ: ಮೊಟ್ಟೆ ಸಿಗಲಿಲ್ಲ ಎಂದಮಾತ್ರಕ್ಕೆ ಹುಳು ಇಲ್ಲ ಎಂದಾಗುವುದಿಲ್ಲ.

ಮೂರು ತಿಂಗಳು ದಾಟಿದ ಕೋಳಿ ಇದೇ ಹುಳುವನ್ನು ಸಾಕಷ್ಟು ತಡೆದುಕೊಳ್ಳುತ್ತದೆ. ಅಮೆರಿಕದ ಕಾನ್ಸಾಸ್ ಕೃಷಿ ಕಾಲೇಜಿನಲ್ಲಿ ಜೇಮ್ಸ್ ಆಕರ್ಟ್ ಎಂಬ ವಿಜ್ಞಾನಿ 1920 ಮತ್ತು 30ರ ದಶಕಗಳಲ್ಲಿ ಈ ಹುಳುವಿನ ಮೇಲೆ ದೀರ್ಘಕಾಲ ಕೆಲಸ ಮಾಡಿದರು. ವಯಸ್ಸಾದಂತೆ ಕೋಳಿಯ ಕರುಳಿನಲ್ಲಿ ಲೋಳೆ ಸುರಿಸುವ ಜೀವಕೋಶಗಳು ಹೆಚ್ಚುತ್ತವೆ, ಆ ಲೋಳೆ ಹುಳುವಿನ ಬೆಳವಣಿಗೆಯನ್ನು ತಡೆಯುತ್ತದೆ ಎಂದು ಅವರು ತೋರಿಸಿದರು. ಎ ಜೀವಸತ್ವ ಕೊರತೆ ಇರುವ ಮರಿಗಳಲ್ಲಿ ಹುಳುಗಳು ಹೆಚ್ಚು ಉಳಿಯುತ್ತವೆ, ಹೆಚ್ಚು ಉದ್ದ ಬೆಳೆಯುತ್ತವೆ ಎಂಬುದೂ ಅವರ ಪ್ರಯೋಗಗಳಿಂದಲೇ ತಿಳಿದದ್ದು. ಹಿತ್ತಿಲಲ್ಲಿ ನುಗ್ಗೆ ಮರ ಇರುವವರು ಸೊಪ್ಪನ್ನು ಸಣ್ಣಗೆ ಹೆಚ್ಚಿ ಮರಿಗಳಿಗೆ ಹಾಕಿ ಎಂದು ನಾನು ಒತ್ತಾಯಿಸುವುದಕ್ಕೆ ಇದೇ ಕಾರಣ. ಬರೀ ನುಚ್ಚು, ಬರೀ ರಾಗಿ ತಿಂದು ಬೆಳೆಯುವ ಮರಿಗೆ ಹುಳುವಿನ ಕಾಟ ಇಮ್ಮಡಿ.

ದೊಡ್ಡ ಕೋಳಿ ತಡೆದುಕೊಳ್ಳುತ್ತದೆ ಎಂದರೆ ಅದರೊಳಗೆ ಹುಳು ಇಲ್ಲ ಎಂದಲ್ಲ. ಐದೋ ಹತ್ತೋ ಹುಳು ಇಟ್ಟುಕೊಂಡೇ ಅದು ಮೊಟ್ಟೆ ಇಡುತ್ತದೆ, ಓಡಾಡುತ್ತದೆ, ಅಂಗಳದ ತುಂಬ ಹುಳುವಿನ ಮೊಟ್ಟೆ ಹರಡುತ್ತದೆ. ಮರಿಗೆ ಹುಳು ಬರುವುದು ಬಹುಪಾಲು ಹೀಗೆ, ತಾಯಿಯಿಂದಲೇ, ತಾಯಿ ಕೆದಕಿ ತೋರಿಸಿದ ಮಣ್ಣಿನಿಂದಲೇ.

ಈಗ ಗುರುತಿಸುವ ಮಾತಿಗೆ ಬರೋಣ. ಜುಟ್ಟು ಬಿಳಿಚಿದೆ, ರೆಕ್ಕೆ ಇಳಿಬಿದ್ದಿದೆ, ಹಿಕ್ಕೆ ನೀರಾಗಿದೆ ಎಂಬ ಲಕ್ಷಣಗಳು ಹತ್ತು ಕಾಯಿಲೆಗಳಿಗೂ ಇರುತ್ತವೆ. ಹೊರಗಿನಿಂದ ನೋಡಿ ಇದು ಹುಳುವೇ ಎಂದು ನಾನೂ ಖಚಿತವಾಗಿ ಹೇಳಲಾರೆ. ಆದರೆ ಇಂಥ ಹಿಂಡಿನಲ್ಲಿ ಒಂದಲ್ಲ ಒಂದು ಮರಿ ಸಾಯುತ್ತದೆ. ಆ ಸತ್ತ ಮರಿಯನ್ನು ತಿಪ್ಪೆಗೆ ಎಸೆಯುತ್ತೇವೆ ಅಥವಾ ನಾಯಿಗೆ ಹಾಕುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಉಳಿದ ಮರಿಗಳನ್ನು ಬದುಕಿಸುವ ಉತ್ತರ ಆ ಸತ್ತ ಮರಿಯ ಕರುಳಿನಲ್ಲಿದೆ. ಹತ್ತಿರದ ಪಶು ಆಸ್ಪತ್ರೆಗೆ ತಂದರೆ ವೈದ್ಯರು ಕೊಯ್ದು ನೋಡುತ್ತಾರೆ. ದೂರವಿದ್ದರೆ ನೀವೇ ನೋಡಬಹುದು. ಕೋಳಿ ಕೊಯ್ದು ಸಾರು ಮಾಡಲು ಬಲ್ಲ ಕೈಗೆ ಇದು ಕಷ್ಟದ ಕೆಲಸವಲ್ಲ.

ಆದರೆ ಮೊದಲೇ ಒಂದು ಎಚ್ಚರಿಕೆ. ಒಂದೆರಡು ದಿನದಲ್ಲಿ ಹಿಂಡಿಗೆ ಹಿಂಡೇ ಸತ್ತರೆ, ತಲೆ ಊದಿಕೊಂಡು ಜುಟ್ಟು ನೀಲಿಗಟ್ಟಿದರೆ, ದೊಡ್ಡ ಕೋಳಿಗಳೂ ಕಾಗೆಗಳೂ ಸಾಯುತ್ತಿದ್ದರೆ ಕೊಯ್ಯಬೇಡಿ, ಬರಿಗೈಯಲ್ಲಿ ಮುಟ್ಟಲೂ ಬೇಡಿ. ಅದು ಹಕ್ಕಿಜ್ವರ ಆಗಿರಬಹುದು. 2012ರಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲೇ ಅದು ಕಾಣಿಸಿಕೊಂಡಿತ್ತು. ಕೂಡಲೇ ಪಶು ಆಸ್ಪತ್ರೆಗೆ ತಿಳಿಸಿ. ಜಂತುಹುಳು ಎಂದೂ ಹಾಗೆ ಒಮ್ಮೆಲೇ ಕೊಲ್ಲುವುದಿಲ್ಲ. ಅದು ಒಂದೊಂದಾಗಿ, ವಾರಗಟ್ಟಲೆ ಸವೆಸಿ ಕೊಲ್ಲುತ್ತದೆ.

ಹಾಗೆ ಸವೆದು ಸತ್ತ ಮರಿ ಆಗಿದ್ದರೆ, ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಿಕೊಳ್ಳಿ, ಬಾಯಿ ಮೂಗಿಗೆ ಬಟ್ಟೆ ಇರಲಿ. ಮರಿಯನ್ನು ನೀರಿನಲ್ಲಿ ಅದ್ದಿ ಪುಕ್ಕ ನೆನೆಸಿ, ಅಂಗಾತ ಮಲಗಿಸಿ, ಎದೆಮೂಳೆಯ ಕೆಳಗಿನ ಮೆತ್ತನೆಯ ಜಾಗದಿಂದ ಕತ್ತರಿಯಲ್ಲಿ ಬಿಡಿಸಿ. ಕಲ್ಲು ಮರಳು ತುಂಬಿದ ಗಟ್ಟಿ ಹೊಟ್ಟೆ ಸಿಗುತ್ತದೆ. ಅದರಿಂದ ಹೊರಡುವುದೇ ಸಣ್ಣ ಕರುಳು. ಮೊದಲು ಯು ಆಕಾರದಲ್ಲಿ ಮಡಿಸಿಕೊಂಡಿರುತ್ತದೆ, ಆಮೇಲೆ ಸುರುಳಿ. ಕೊನೆಯಲ್ಲಿ ಎರಡು ಪಕ್ಕಕ್ಕೂ ತುದಿ ಮುಚ್ಚಿದ ಒಂದೊಂದು ಚೀಲವಿರುತ್ತದೆ, ಅವೇ ಕುರುಡು ಕರುಳುಗಳು. ಇಡೀ ಕರುಳನ್ನು ಬಿಡಿಸಿ ಉದ್ದಕ್ಕೆ ಇಟ್ಟು, ಸಣ್ಣ ಕತ್ತರಿಯಿಂದ ಉದ್ದುದ್ದ ಸೀಳಿ, ನೀರು ಹಾಕಿದ ತಟ್ಟೆಯಲ್ಲಿ ಮೆಲ್ಲಗೆ ಅಲುಗಿಸಿ. ತಟ್ಟೆಯ ಅಡಿಗೆ ಕಪ್ಪು ಬಣ್ಣ ಇದ್ದರೆ ಇನ್ನೂ ಒಳ್ಳೆಯದು. ತಟ್ಟೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಸಣ್ಣ ಕರುಳಿನ ನಡುಭಾಗದಲ್ಲಿ ಬಿಳಿಯ ದಪ್ಪ ಹುಳುಗಳು ಉದ್ದುದ್ದ ಸಿಕ್ಕರೆ ಅದು ನಾನು ಹೇಳಿದ ದುಂಡುಹುಳು. ಕೆಲವು ಮರಿಗಳಲ್ಲಿ ಅವು ಹೆಣೆದುಕೊಂಡು ಕರುಳನ್ನೇ ಕಟ್ಟಿಹಾಕಿರುತ್ತವೆ, ಕರುಳು ಹೊರಗಿನಿಂದಲೇ ಗಟ್ಟಿಯಾಗಿ ಉಬ್ಬಿ ಕಾಣುತ್ತದೆ. ಅಂಥ ಮರಿ ಮೇವು ಮುಂದಿದ್ದರೂ ಉಪವಾಸದಿಂದ ಸತ್ತಂತೆಯೇ. ನೋಡಿದವರಿಗೆ ಮರೆಯಲಾಗದ ದೃಶ್ಯ ಅದು.

ಚಪ್ಪಟೆಯಾದ, ಗಂಟು ಗಂಟಾಗಿ ತುಂಡು ಜೋಡಿಸಿದಂತಿರುವ ಹುಳು ಸಿಕ್ಕರೆ ಅದು ಲಾಡಿಹುಳು. ತಲೆಯ ಕಡೆಯಿಂದ ಕರುಳಿನ ಗೋಡೆಗೆ ಕಚ್ಚಿಕೊಂಡಿರುತ್ತದೆ, ಎಳೆದರೆ ತುಂಡಾಗುತ್ತದೆ. ಜೀವಂತ ಕೋಳಿಯ ಹೊಸ ಹಿಕ್ಕೆಯ ಮೇಲೆ ಸಣ್ಣ ಬಿಳಿ ಚೂರುಗಳು ಅಲುಗಾಡುತ್ತಿದ್ದರೆ ಅವು ಇದರ ಕಳಚಿದ ತುಂಡುಗಳು. ಕರುಳಿನ ಹೊರಮೈಯಲ್ಲಿ ಸಾಸಿವೆಯಷ್ಟು, ಕಡಲೆಯಷ್ಟು ಗಂಟುಗಳು ಎದ್ದಿದ್ದರೆ ಅದೂ ಒಂದು ಜಾತಿಯ ಲಾಡಿಹುಳುವಿನ ಗುರುತು. ಕ್ಷಯದ ಗಂಟು ಎಂದು ಅನುಭವಿಗಳೂ ಮೋಸಹೋಗುವಷ್ಟು ಹೋಲಿಕೆ ಇರುತ್ತದೆ.

ಕುರುಡು ಕರುಳಿನ ತುದಿಯಲ್ಲಿ ಸೆಂಟಿಮೀಟರ್ ಉದ್ದದ ಬಿಳಿ ಹುಳುಗಳು ಸಿಕ್ಕರೆ ಅದು ಹೆಟೆರಾಕಿಸ್. ಕೋಳಿಗೆ ಇದರಿಂದ ದೊಡ್ಡ ಅಪಾಯವಿಲ್ಲ. ಆದರೆ ನಿಮ್ಮ ಅಂಗಳದಲ್ಲಿ ಟರ್ಕಿ ಕೋಳಿಗಳೂ ಇದ್ದರೆ ನಿರ್ಲಕ್ಷಿಸಬೇಡಿ. ಟರ್ಕಿಗಳ ಪಿತ್ತಜನಕಾಂಗವನ್ನು ಹಾಳುಮಾಡಿ ಕೊಲ್ಲುವ ಒಂದು ಸೂಕ್ಷ್ಮಜೀವಿ ಈ ಹುಳುವಿನ ಮೊಟ್ಟೆಯೊಳಗೆ ಕೂತು ಪ್ರಯಾಣ ಮಾಡುತ್ತದೆ. ಅಮೆರಿಕದಲ್ಲಿ ಗ್ರೇಬಿಲ್ ಮತ್ತು ಥಿಯೊಬಾಲ್ಡ್ ಸ್ಮಿತ್ ಅವರು 1920ರಲ್ಲೇ ಇದನ್ನು ಪತ್ತೆಹಚ್ಚಿದರು. ಕೋಳಿಯನ್ನೂ ಟರ್ಕಿಯನ್ನೂ ಒಂದೇ ಅಂಗಳದಲ್ಲಿ ಬಿಡಬೇಡಿ ಎನ್ನುವುದು ಈ ಕಾರಣಕ್ಕೆ.

ಇನ್ನೊಂದು ಇದೆ, ಕೂದಲೆಳೆಯಷ್ಟು ತೆಳ್ಳಗಿನ ಕ್ಯಾಪಿಲ್ಲೇರಿಯಾ. ಬರಿಗಣ್ಣಿಗೆ ಕಾಣುವುದು ಬಹಳ ಕಷ್ಟ. ಕರುಳಿನ ಒಳಗನ್ನು ಕೆರೆದು ನೀರಿನಲ್ಲಿ ಕದಡಿ ಕಪ್ಪು ತಟ್ಟೆಯ ಮೇಲೆ ಬಿಸಿಲಿಗೆ ಹಿಡಿದು ನೋಡಬೇಕು. ಮರಿ ಬಿಳಿಚಿಕೊಂಡು ಒಣಗಿ ಸತ್ತಿದೆ, ದೊಡ್ಡ ಹುಳು ಒಂದೂ ಇಲ್ಲ ಎಂದಾಗ ಇದನ್ನು ನೆನೆಯಬೇಕು. ಇದು ಆಸ್ಪತ್ರೆಯಲ್ಲಿ ಆಗಬೇಕಾದ ಪರೀಕ್ಷೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಕುರುಡು ಕರುಳುಗಳು ಕೆಂಪಗೆ ಉಬ್ಬಿಕೊಂಡು, ಸೀಳಿದರೆ ಒಳಗೆ ರಕ್ತವೋ ಹೆಪ್ಪುಗಟ್ಟಿದ ರಕ್ತದ ಗಟ್ಟಿಯೋ ತುಂಬಿದ್ದರೆ ಅದು ಹುಳುವಿನ ಕಾಯಿಲೆ ಅಲ್ಲವೇ ಅಲ್ಲ. ಅದು ರಕ್ತಭೇದಿ, ಕಾಕ್ಸಿಡಿಯೋಸಿಸ್. ಐಮೇರಿಯಾ ಎಂಬ, ಕಣ್ಣಿಗೆ ಕಾಣದ ಏಕಕೋಶ ಜೀವಿಯಿಂದ ಬರುತ್ತದೆ. ಇದೂ ಎಳೆಯ ಮರಿಗಳನ್ನೇ, ಮೂರರಿಂದ ಆರು ವಾರದವನ್ನೇ ಹೆಚ್ಚಾಗಿ ಹಿಡಿಯುತ್ತದೆ. ಮರಿ ರೆಕ್ಕೆ ಇಳಿಬಿಟ್ಟು ಕೆಂಪು ಹಿಕ್ಕೆ ಹಾಕುತ್ತದೆ, ಎರಡು ಮೂರು ದಿನದಲ್ಲೇ ಸಾಯುತ್ತದೆ. ಅಂಗಡಿಯಿಂದ ಜಂತಿನ ಮದ್ದು ತಂದು ಹಾಕಿದರೆ ಒಂದು ಮರಿಯೂ ಉಳಿಯುವುದಿಲ್ಲ. ಇದಕ್ಕೆ ಆಂಪ್ರೋಲಿಯಂ ಅಥವಾ ಸಲ್ಫಾ ಗುಂಪಿನ ಔಷಧಿ ಬೇಕು, ಅದೂ ಅದೇ ದಿನ ಬೇಕು. ಹುಳು ಎಂದು ತಪ್ಪು ತಿಳಿದು ಕಳೆಯುವ ಎರಡು ದಿನ ಇಡೀ ಕಾವನ್ನೇ ತೆಗೆದುಕೊಂಡು ಹೋಗುತ್ತದೆ. ಕೊಯ್ದು ನೋಡಿ ಎಂದು ನಾನು ಇಷ್ಟು ಹೊತ್ತು ಹಟ ಹಿಡಿದು ಹೇಳಿದ್ದರ ಒಳಗಿನ ಸಂಕಟ ಇದೇ. ನೋಡಿದ ಮೇಲೆ ಮರಿಯನ್ನು ಸುಣ್ಣ ಹಾಕಿ ಆಳವಾಗಿ ಹೂತು, ಕೈಯನ್ನು ಸೋಪಿನಿಂದ ತೊಳೆಯಿರಿ. ಕೋಳಿಯ ದುಂಡುಹುಳು ಮನುಷ್ಯರಿಗೆ ಹತ್ತುವುದಿಲ್ಲ, ಆದರೆ ಕೋಳಿಯ ಕರುಳಿನಲ್ಲಿ ಬೇರೆ ರೋಗಾಣುಗಳಿರುತ್ತವೆ.

ಮದ್ದಿನ ವಿಷಯ. ಹಳ್ಳಿಯ ಔಷಧಿ ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಪೈಪರಜಿನ್ ಕೊಡುತ್ತಾರೆ. ಹಳೆಯ ಔಷಧಿ, ಅಗ್ಗ, ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಮರಿಗಳಿಗೆ ಅಪಾಯ ಕಡಿಮೆ. ಅದು ಹುಳುವನ್ನು ಕೊಲ್ಲುವುದಕ್ಕಿಂತ ಅದರ ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ಹಿಡಿತ ತಪ್ಪಿದ ಹುಳು ಹಿಕ್ಕೆಯ ಜೊತೆ ಹೊರಗೆ ಬೀಳುತ್ತದೆ. ಆದರೆ ಎರಡು ಮಿತಿಗಳಿವೆ. ಕರುಳಿನ ಟೊಳ್ಳಿನಲ್ಲಿರುವ ದೊಡ್ಡ ದುಂಡುಹುಳುವಿಗೆ ಮಾತ್ರ ಅದು ಕೆಲಸ ಮಾಡುತ್ತದೆ, ಪದರದೊಳಗೆ ಹುದುಗಿದ ಎಳೆಯ ಹುಳುವನ್ನು ಮುಟ್ಟುವುದಿಲ್ಲ. ಲಾಡಿಹುಳುವಿಗಂತೂ ಏನೂ ಆಗುವುದಿಲ್ಲ. ಆದ್ದರಿಂದ ಪೈಪರಜಿನ್ ಒಂದು ಸಲ ಕೊಟ್ಟು ಕೈತೊಳೆದುಕೊಂಡರೆ ಎರಡು ವಾರದಲ್ಲಿ, ಅಂದು ಪದರದೊಳಗಿದ್ದ ಹುಳುಗಳೆಲ್ಲ ಹೊರಬಂದು ಅದೇ ಜಾಗ ಹಿಡಿದಿರುತ್ತವೆ. ಎರಡು ಮೂರು ವಾರ ಬಿಟ್ಟು ಮತ್ತೆ ಕೊಡಲೇಬೇಕು. “ಮದ್ದು ಹಾಕಿದೆ, ಕೇಳಲಿಲ್ಲ” ಎನ್ನುವವರಲ್ಲಿ ಹೆಚ್ಚಿನವರು ಈ ಎರಡನೆಯ ಸಲವನ್ನು ಬಿಟ್ಟವರು.

ಪೈಪರಜಿನ್ ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತದೆ, ಪ್ರಮಾಣವನ್ನು ಸೀಸೆಯ ಮೇಲಿನ ಚೀಟಿ ನೋಡಿ ಇಲ್ಲವೇ ವೈದ್ಯರನ್ನು ಕೇಳಿ ನಿಗದಿ ಮಾಡಿ. ಕೊಡುವ ಕ್ರಮ ಮಾತ್ರ ಹೇಳುತ್ತೇನೆ. ಬೆಳಿಗ್ಗೆ ಮರಿಗಳನ್ನು ಗೂಡಿನಿಂದ ಬಿಡದೆ ಒಂದೆರಡು ಗಂಟೆ ನೀರಿಲ್ಲದೆ ಇಡಿ. ಬಾಯಾರಿದಾಗ, ಎರಡು ಮೂರು ಗಂಟೆಯಲ್ಲಿ ಕುಡಿದು ಮುಗಿಸುವಷ್ಟೇ ನೀರಿನಲ್ಲಿ ಮದ್ದು ಬೆರೆಸಿಡಿ. ಒಂದೇ ಬಟ್ಟಲು ಇಟ್ಟರೆ ಜೋರಿನ ಮರಿಗಳು ಕುಡಿದು, ಯಾವುದಕ್ಕೆ ಮದ್ದು ಬೇಕೋ ಆ ಬಡಕಲು ಮರಿಗಳು ದೂರ ನಿಲ್ಲುತ್ತವೆ. ನಾಲ್ಕೈದು ಕಡೆ ಇಡಿ. ಬಿರುಬೇಸಗೆಯಲ್ಲಿ ನೀರಿಲ್ಲದೆ ಕಾಯಿಸಬೇಡಿ, ಮುಂಜಾನೆಯೇ ಮುಗಿಸಿ.

ಆಲ್ಬೆಂಡಜೋಲ್ ಇನ್ನೊಂದು. ಇದು ದುಂಡುಹುಳು, ಕುರುಡು ಕರುಳಿನ ಹುಳು, ಕೂದಲೆಳೆ ಹುಳುಗಳಿಗೂ ಆಗುತ್ತದೆ. ಪ್ರಮಾಣ ಹೆಚ್ಚಿಸಿದರೆ ಕೆಲವು ಲಾಡಿಹುಳುಗಳಿಗೂ ಆಗುತ್ತದೆ. ದುಂಡುಹುಳುವಿಗೆ ಕೋಳಿಯ ಒಂದು ಕಿಲೋ ತೂಕಕ್ಕೆ 10 ಮಿಲಿಗ್ರಾಂ, ಲಾಡಿಹುಳುವಿಗೆ 20 ಮಿಲಿಗ್ರಾಂ ಲೆಕ್ಕ. ಕುರಿ, ದನಗಳಿಗೆ ಕೊಡುವ 2.5 ಪರ್ಸೆಂಟಿನ ದ್ರಾವಣದಲ್ಲಿ ಒಂದು ಎಂ.ಎಲ್.ಗೆ 25 ಮಿಲಿಗ್ರಾಂ ಮದ್ದು ಇರುತ್ತದೆ. ಅಂದರೆ ಅರ್ಧ ಕಿಲೋ ತೂಗುವ ಮರಿಗೆ ದುಂಡುಹುಳುವಿಗಾದರೆ 0.2 ಎಂ.ಎಲ್., ಲಾಡಿಹುಳುವಿಗಾದರೆ 0.4 ಎಂ.ಎಲ್. ಸೂಜಿ ತೆಗೆದ ಒಂದು ಎಂ.ಎಲ್. ಸಿರಿಂಜಿನಿಂದ ಕೊಕ್ಕಿನ ಪಕ್ಕದಲ್ಲಿ ಹನಿ ಹನಿಯಾಗಿ ಬಿಡಿ, ಗಂಟಲಿಗೆ ಚಿಮ್ಮಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಇದು ನೀರಿನಲ್ಲಿ ಕರಗುವ ಮದ್ದಲ್ಲ, ಬಟ್ಟಲಿಗೆ ಹಾಕಿದರೆ ಅಡಿಯಲ್ಲಿ ಕೂತುಬಿಡುತ್ತದೆ. ಮೊದಲು ಕುಡಿದ ಮರಿಗೆ ಬರೀ ನೀರು, ಕೊನೆಗೆ ಬಂದದ್ದಕ್ಕೆ ಮಿತಿಮೀರಿದ ಮದ್ದು. ಸೀಸೆಯನ್ನೂ ಪ್ರತಿ ಸಲ ಕುಲುಕಿಯೇ ಎಳೆದುಕೊಳ್ಳಬೇಕು. ಕಾವಿಗೆ ಇಡುವ ಮೊಟ್ಟೆ ಹಾಕುತ್ತಿರುವ ಹೇಂಟೆಗೆ ಆಲ್ಬೆಂಡಜೋಲ್ ಬೇಡ, ವೈದ್ಯರನ್ನು ಕೇಳಿ ಬೇರೆ ಮದ್ದು ಆರಿಸಿ. ಫೆನ್‌ಬೆಂಡಜೋಲ್ ಎಂಬುದನ್ನು ಹಲವು ದಿನ ಸತತವಾಗಿ ಕೊಡುವ ಕ್ರಮವಿದೆ, ಅದು ಎಳೆಯ ಹುಳುಗಳ ಮೇಲೂ ಕೆಲಸ ಮಾಡುತ್ತದೆ. ಲಾಡಿಹುಳು ಮಾತ್ರ ಇದ್ದರೆ ಪ್ರಾಜಿಕ್ವಾಂಟೆಲ್, ನಿಕ್ಲೋಸಮೈಡ್‌ಗಳಿವೆ.

ಲೆಕ್ಕ ಹೇಳಿದ್ದು ಅಂದಾಜಿನಲ್ಲಿ ಸುರಿಯಬಾರದು ಎಂದು. ಮರಿಯನ್ನು ಚೀಲದಲ್ಲಿ ಹಾಕಿ ತಕ್ಕಡಿಗೆ ತೂಗಿಹಾಕುವುದು ಎರಡು ನಿಮಿಷದ ಕೆಲಸ. ಕಡಿಮೆ ಕೊಟ್ಟರೆ ಗಟ್ಟಿ ಹುಳುಗಳು ಉಳಿದು ಅವುಗಳ ಸಂತಾನವೇ ಹೆಚ್ಚುತ್ತದೆ. ಕುರಿಗಳಲ್ಲಿ ಈಗಾಗಲೇ ಮದ್ದಿಗೆ ಬಗ್ಗದ ಹುಳುಗಳಿವೆ, ಕೋಳಿಯಲ್ಲೂ ಹಾಗಾಗುವುದು ಬೇಡ. ಮದ್ದು ಕೊಟ್ಟ ಮೇಲೆ ಮೊಟ್ಟೆ, ಮಾಂಸ ಎಷ್ಟು ದಿನ ಬಳಸಬಾರದು ಎಂಬುದನ್ನೂ ಚೀಟಿ ನೋಡಿ ಪಾಲಿಸಿ.

ಬೇವು, ಬೆಳ್ಳುಳ್ಳಿ, ಪಪ್ಪಾಯಿ ಬೀಜ ಕೊಡಬಹುದೇ ಎಂದು ಅನೇಕರು ಕೇಳುತ್ತಾರೆ. ನಾನು ಇವನ್ನು ಹಗುರ ಮಾಡುವವನಲ್ಲ. ನಮ್ಮ ಮಲೆನಾಡಿನ ಕಾಡಿನಲ್ಲಿ ಬೆಳೆಯುವ ಕುಂಕುಮದ ಮರದ ಕಾಯಿಯ ಮೇಲಿನ ಕೆಂಪು ಪುಡಿಯನ್ನು, ಕಳೆದ ಶತಮಾನದ ಮೊದಲ ದಶಕಗಳಲ್ಲಿ, ಅಮೆರಿಕದ ಕೋಳಿ ಸಾಕಣೆದಾರರೂ ಲಾಡಿಹುಳುವಿಗೆ ಬಳಸುತ್ತಿದ್ದರು. ಪಪ್ಪಾಯಿಯ ಹಾಲಿಗೆ ದುಂಡುಹುಳುವನ್ನು ಹಣಿಯುವ ಗುಣವಿರುವುದು ಪ್ರಯೋಗಗಳಲ್ಲಿ ಕಂಡಿದೆ. ತೊಡಕು ಇರುವುದು ಪ್ರಮಾಣದಲ್ಲಿ. ಒಂದು ಗಿಡದ ಸತ್ವ ಇನ್ನೊಂದರಲ್ಲಿ ಇರುವುದಿಲ್ಲ, ಎಷ್ಟು ಕೊಟ್ಟರೆ ಸಾಕು, ಎಷ್ಟು ಕೊಟ್ಟರೆ ವಿಷ ಎಂಬ ಗೆರೆ ಎಳೆಯುವುದು ಕಷ್ಟ. ಗಟ್ಟಿಮುಟ್ಟಾದ ದೊಡ್ಡ ಕೋಳಿಗಳಿಗೆ ಹಾಕಿಕೊಳ್ಳಿ. ಎದೆಮೂಳೆ ಎದ್ದ ಆರು ವಾರದ ಮರಿಗೆ ಅದನ್ನೇ ನಂಬಿ ಕೂರಬೇಡಿ, ಅದಕ್ಕೆ ಕಾಯುವಷ್ಟು ದಿನಗಳಿಲ್ಲ.

ಮದ್ದು ಕೊಟ್ಟ ಮೇಲಿನ ಮೂರು ದಿನ ಯಾರೂ ಗಮನ ಕೊಡದ ದಿನಗಳು. ಹೊರಬೀಳುವ ಹೆಣ್ಣುಹುಳುವಿನ ಹೊಟ್ಟೆಯ ತುಂಬ ಮೊಟ್ಟೆಗಳಿರುತ್ತವೆ. ಕೋಳಿಗಳನ್ನು ಅಂಗಳಕ್ಕೆ ಬಿಟ್ಟರೆ ಆ ಮೊಟ್ಟೆಗಳನ್ನೆಲ್ಲ ನಾವೇ ಬಿತ್ತಿದ ಹಾಗೆ. ಮದ್ದು ಹಾಕಿದ ದಿನದಿಂದ ಕೋಳಿಗಳನ್ನು ಗೂಡಿನಲ್ಲೋ ಕೊಟ್ಟಿಗೆಯ ಒಂದು ಮೂಲೆಯಲ್ಲೋ ಕೂಡಿಹಾಕಿ, ಬೆಳಿಗ್ಗೆ ಸಂಜೆ ಹಿಕ್ಕೆ ಗುಡಿಸಿ, ಹುಳು ಕಂಡರೆ ಸುಟ್ಟುಬಿಡಿ. ಉಳಿದ ಹಿಕ್ಕೆಯನ್ನು ಕೋಳಿ ಕೆದಕಲಾಗದ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ. ಒಳಗೆ ಕಾವೇರಿ ಕೊಳೆತರೆ ಹುಳುವಿನ ಮೊಟ್ಟೆಗಳು ಸಾಯುತ್ತವೆ.

ಹುಳುವಿನ ಮೊಟ್ಟೆ ತೇವ ಮತ್ತು ನೆರಳಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ಫಿನಾಯಿಲ್ ಸುರಿದರೂ ಅದರ ಸಿಪ್ಪೆ ಜಗ್ಗುವುದಿಲ್ಲ. ಅದಕ್ಕೆ ಆಗದಿರುವುದು ಬಿಸಿಲು ಮತ್ತು ಒಣಗು. ಹಾಗಾಗಿ ಮುಂಗಾರು ಹಿಡಿದ ಮೇಲೆ ಕಾವು ಬಿಟ್ಟ ಮರಿಗಳಲ್ಲಿ ಕಾಟ ಹೆಚ್ಚು. ನೀರಿನ ಬಟ್ಟಲಿನ ಸುತ್ತ ಸದಾ ಕೆಸರಾಗಿರುವ ಜಾಗ, ಬಚ್ಚಲ ನೀರು ಹರಿಯುವ ಮೋರಿಯ ಅಂಚು, ಗೂಡಿನ ಒಳಗಿನ ನೆಲ, ಈ ಮೂರೂ ಹುಳುವಿನ ಕಣಜಗಳು. ಬಟ್ಟಲನ್ನು ಎರಡು ಇಟ್ಟಿಗೆ ಎತ್ತರಿಸಿ, ಅಡಿಗೆ ಜಲ್ಲಿ ಹಾಕಿ, ಆಗಾಗ ಜಾಗ ಬದಲಿಸಿ. ಗೂಡಿನ ನೆಲದ ಮಣ್ಣನ್ನು ಬೇಸಗೆಯಲ್ಲಿ ನಾಲ್ಕು ಬೆರಳು ಕೆತ್ತಿ ತೆಗೆದು ಹೊಸ ಮಣ್ಣು ತುಂಬಿ. ಗಿರಿರಾಜ, ಸ್ವರ್ಣಧಾರದಂಥ ತಳಿಗಳನ್ನು ಭತ್ತದ ಹೊಟ್ಟಿನ ಮೇಲೆ ಶೆಡ್ಡಿನಲ್ಲಿ ಸಾಕುವವರು ಹೊಟ್ಟನ್ನು ದಿನಾ ಕೆದರಿ ಒಣಗಿಸಬೇಕು. ಮಳೆ ಎರಚಲು ಬಿದ್ದು ಒದ್ದೆಯಾದ ಜಾಗವನ್ನು ಆಗಿಂದಾಗಲೇ ತೆಗೆಯಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಹಳ್ಳಿಯ ಹಿತ್ತಿಲಿಗೆಂದೇ ಬಂದ ತಳಿ, ಒಳ್ಳೆಯ ಗಟ್ಟಿ ಕೋಳಿ. ಆದರೂ ಹುಳುವಿನ ಮುಂದೆ ಅದರ ಎಳೆಯ ಮರಿಯೂ ಎಳೆಯ ಮರಿಯೇ.

ಲಾಡಿಹುಳುವಿನ ದಾರಿ ಬೇರೆ. ಅದರ ಮೊಟ್ಟೆಯನ್ನು ಕೋಳಿ ನೇರವಾಗಿ ತಿಂದರೆ ಏನೂ ಆಗುವುದಿಲ್ಲ. ಅದನ್ನು ಮೊದಲು ಇರುವೆ, ಜೀರುಂಡೆ, ಮನೆನೊಣ, ಬಸವನಹುಳುಗಳಲ್ಲಿ ಯಾವುದಾದರೊಂದು ತಿನ್ನಬೇಕು, ಆ ಹುಳವನ್ನು ಕೋಳಿ ತಿನ್ನಬೇಕು. ಹಾಗಾಗಿ ತಿಪ್ಪೆ ಗೂಡಿನಿಂದ ದೂರ ಇದ್ದಷ್ಟೂ ಒಳ್ಳೆಯದು. ಮಡಕೆಯಲ್ಲಿ ಗೆದ್ದಲು ಹಿಡಿದು ಮರಿಗಳಿಗೆ ಹಾಕುವ ರೂಢಿ ನಮ್ಮಲ್ಲಿದೆ. ಅದು ಒಳ್ಳೆಯ ಮೇವು, ನಿಲ್ಲಿಸಿ ಎನ್ನಲಾರೆ. ಗೆದ್ದಲಿಗೆ ಇರುವೆ ಮುತ್ತಿದ್ದರೆ ಮಾತ್ರ ಆ ಮಡಕೆಯನ್ನು ಬಿಟ್ಟು ಬೇರೆಯದು ಹಾಕಿ.

ಇನ್ನು ಕಾಲದ ಲೆಕ್ಕ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ತಡೆಯಲು ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣು ಮೂಗಿಗೆ ಹನಿ ಲಸಿಕೆ, ಎಂಟು ವಾರಕ್ಕೆ ಆರ್-2-ಬಿ ಎಂಬ ಚುಚ್ಚುಮದ್ದು ಹಾಕಿಸುತ್ತೀರಿ. ಹಾಕಿಸದವರು ಹಾಕಿಸಲೇಬೇಕು. ಹುಳು ತುಂಬಿದ ಬಡಕಲು ಮರಿಯಲ್ಲಿ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಆರು, ಏಳನೆಯ ವಾರದಲ್ಲಿ ಜಂತಿನ ಮದ್ದು, ಒಂದು ವಾರ ಬಿಟ್ಟು ಲಸಿಕೆ, ಲಸಿಕೆಯಾಗಿ ಎರಡು ವಾರಕ್ಕೆ ಎರಡನೆಯ ಸಲದ ಮದ್ದು. ಅಷ್ಟರಲ್ಲಿ ಮರಿ ಮೂರು ತಿಂಗಳ ಹತ್ತಿರ ಬಂದು ತನ್ನ ಕಾವಲನ್ನು ತಾನೇ ಕಾಯುವಂತಾಗಿರುತ್ತದೆ. ಆಮೇಲೆ ಮುಂಗಾರಿಗೆ ಮುಂಚೆ ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ ಹಿಕ್ಕೆ ಪರೀಕ್ಷೆ ಮಾಡಿಸಿ, ಇದ್ದರೆ ಮಾತ್ರ ಮದ್ದು ಕೊಡಿ. ಪರೀಕ್ಷೆಗೆ ಒಂದೇ ಕೋಳಿಯದು ಸಾಲದು. ಬೆಳಗಿನ ಹೊಸ ಹಿಕ್ಕೆಯನ್ನು ಏಳೆಂಟು ಕಡೆಯಿಂದ ಚಿಟಿಕೆ ಚಿಟಿಕೆ ತೆಗೆದು ಮುಚ್ಚಳದ ಡಬ್ಬಿಯಲ್ಲಿ ಅದೇ ದಿನ ತನ್ನಿ. ಬರಲಾಗದವರು 1962ಕ್ಕೆ ಫೋನ್ ಮಾಡಿ ಕೇಳಬಹುದು, ಪಶುಸೇವೆಯ ಸಹಾಯವಾಣಿ ಅದು.

ಕೊನೆಯದಾಗಿ ಕಾವಿಗೆ ಕೂರುವ ಹೇಂಟೆಯ ಮಾತು. ಅದು ಮೊಟ್ಟೆ ಇಡಲು ಶುರು ಮಾಡುವುದಕ್ಕೆ ಎರಡು ಮೂರು ವಾರ ಮೊದಲೇ ಮದ್ದು ಕೊಟ್ಟು ಮುಗಿಸಿ. ಮರಿ ಒಡೆದ ಮೇಲೆ ಮೊದಲ ನಾಲ್ಕು ವಾರ ತಾಯಿಮರಿಗಳನ್ನು ಹಿಂದಿನ ಕಾವು ಮೇಯ್ದ ಜಾಗಕ್ಕೆ ಬಿಡಬೇಡಿ. ಮನೆಯ ಮುಂದಿನ ಬಿಸಿಲು ಬೀಳುವ ಸಾರಿಸಿದ ಅಂಗಳವೋ, ಕಣವೋ, ಕೊಯ್ಲಾಗಿ ಒಣಗಿದ ಹೊಲದ ಅಂಚೋ, ಎಲ್ಲಿ ದೊಡ್ಡ ಕೋಳಿಗಳು ತಿಂಗಳುಗಟ್ಟಲೆ ಕಾಲಿಟ್ಟಿಲ್ಲವೋ ಅಲ್ಲಿ ಮಂಕರಿ ಇಟ್ಟು ಸಾಕಿ. ಜಾಗ ಸಾಲದ ಮನೆಗಳಲ್ಲಿ, ಬೇಲಿಗೆ ಹಳೆಯ ಸೀರೆ ಕಟ್ಟಿ ಹಿತ್ತಿಲನ್ನು ಎರಡು ಭಾಗ ಮಾಡಿ ಒಂದು ಕಾವಿಗೆ ಒಂದು ಕಡೆ, ಮುಂದಿನ ಕಾವಿಗೆ ಇನ್ನೊಂದು ಕಡೆ ಎಂದು ಬಳಸುವ ತಾಯಂದಿರನ್ನು ನಾನು ಕಂಡಿದ್ದೇನೆ. ಅವರ ಮರಿಗಳು ನನ್ನ ಆಸ್ಪತ್ರೆಗೆ ಬರುವುದು ಲಸಿಕೆಗೆ ಮಾತ್ರ.